ನಾಲ್ಕನೆಯ ಭಾಗ ಬಂದ ವರ್ಷ

ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕುಳಿತಿದ್ದೆ. ಪಡಸಾಲೆಯಲ್ಲಿ ಗೋಣಿತಟ್ಟು, ಅದರ ಮೇಲೆ ಚಪ್ಪಟೆ ಕಲ್ಲು, ಕೈಯಲ್ಲಿ ಗುಂಡುಕಲ್ಲು. ಹುಣಸೆಯ ಕೆಲಸಕ್ಕೆ ಕುಳಿತರೆ ನಡುವೆ ಏಳಲು ಬರುವುದಿಲ್ಲ, ಮುಟ್ಟಿದ್ದಕ್ಕೆಲ್ಲ ಅಂಟು ಹತ್ತುತ್ತದೆ. ಬಾಗಿಲು ಬಡಿದ ಸದ್ದಾದಾಗಲೂ ನಾನು ತಲೆ ಎತ್ತಲಿಲ್ಲ. ಮೈದುನ ಎದುರಿಗೆ ಬಂದು ನಿಂತ ಮೇಲೆಯೇ ನೋಡಿದ್ದು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅಂಗಿಯ ಎದೆ ತುಂಬ ರಕ್ತ. ಅದು ಅವನ ರಕ್ತವಲ್ಲ ಎಂಬುದು ಅವನು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

“ವೈನಿ, ಅಣ್ಣಗ ಹೊಡದಾರ. ಕೊರಳಾಗಿನ ಲಿಂಗ ಕಿತಗೊಂಡ ಹೋದಾ ಅಂವ.”

ಅಂವ ಅಂದರೆ ಯಾರೆಂದು ನಾನು ಕೇಳಲಿಲ್ಲ. ನನ್ನ ಯಜಮಾನರು ರೋಣದಿಂದ ಗಜೇಂದ್ರಗಡಕ್ಕೆ ಪ್ಯಾಸೆಂಜರ್ ಜೀಪು ಓಡಿಸುತ್ತಿದ್ದರು, ಮೈದುನ ಅದೇ ಜೀಪಿನ ಹಿಂದೆ ಜೋತುಬಿದ್ದು ಮಂದಿಯನ್ನು ಹತ್ತಿಸುತ್ತಿದ್ದ. ಅದೇ ದಾರಿಯಲ್ಲಿ ಗಜೇಂದ್ರಗಡದ ಮುಸಲ್ಮಾನ ಡ್ರೈವರನೊಬ್ಬನ ಜೀಪೂ ಓಡುತ್ತಿತ್ತು. ಅವನಿಗೂ ಇವರಿಗೂ ಹಗೆ ಬೆಳೆದಿದ್ದು ರೋಣದ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು.

ಒಳಗಿನಿಂದ ಅತ್ತೆ ಹೊರಗೆ ಬಂದರು. ಮಗನಿಗೆ ಎಲ್ಲಿ ಪೆಟ್ಟಾಗಿದೆ ಎಂದು ಕೇಳುವುದಕ್ಕೂ ಮೊದಲು ಅವರು ತಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡರು. ನಮ್ಮಲ್ಲಿ ಇಷ್ಟಲಿಂಗ ಮೈಬಿಟ್ಟು ಹೋಗಬಾರದು. ಹೋದರೆ, ಮರಳಿ ಸಿಗುವ ತನಕ ಆ ಮನುಷ್ಯ ಅನ್ನ ಮುಟ್ಟುವುದಿಲ್ಲ, ಒಂದು ಗುಟುಕು ನೀರು ಸಹ ಕುಡಿಯುವುದಿಲ್ಲ. ಹಾಗೆ ಕಟ್ಟುನಿಟ್ಟಾಗಿ ನಡೆಯುವ ಮನೆಗಳು ಈಗ ಕಡಿಮೆ. ನಮ್ಮದು ಅತ್ತೆಯಿಂದಾಗಿ ಹಾಗೆ ನಡೆಯುವ ಮನೆ.

ಈ ಹಗೆ ಎಲ್ಲಿಂದ ಬಂತು ಎಂದು ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಅದು ಬಂದದ್ದು ಒಂದು ಪರದೇಶದ ಕಾರಿನ ಸಿನೆಮಾದ ಜೊತೆ. ಆ ಸಿನೆಮಾ ಒಂದಕ್ಕೇ ಮುಗಿಯದೆ ಭಾಗ ಭಾಗವಾಗಿ ಬರುತ್ತ ಹೋಯಿತು, ನಮ್ಮ ದಾರಿಯ ಜೀಪುಗಳೂ ಅದರ ಹಿಂದೆ ಹೋದವು.

ಮೊದಲನೆಯ ಭಾಗವನ್ನು ನಾನು ನೋಡಿದ್ದು ನರಗುಂದದಲ್ಲಿ, ನನ್ನ ತವರಿನಲ್ಲಿ. ಪಂಚಮಿ ಮುಗಿದು ನನ್ನನ್ನು ಕರೆದೊಯ್ಯಲು ಬಂದ ಯಜಮಾನರು ಬಜಾರದಿಂದ ಸಿ.ಡಿ. ತಂದಿದ್ದರು. ಮಾತೆಲ್ಲ ಹಿಂದಿ. ಯಾವುದೋ ದೊಡ್ಡ ಊರಿನ ರಸ್ತೆಯಲ್ಲಿ ಬಣ್ಣಬಣ್ಣದ ಕಾರು ಸಾಲಾಗಿ ನಿಲ್ಲುತ್ತಿದ್ದವು, ಒಬ್ಬಳು ಎತ್ತಿದ ಕೈ ಇಳಿಸಿದರೆ ಎಲ್ಲವೂ ಒಮ್ಮೆಲೇ ಕಿತ್ತುಕೊಂಡು ಓಡುತ್ತಿದ್ದವು. ಅಡತಿ ಅಂಗಡಿಯಲ್ಲಿ ಜೋಳ, ಕಡಲೆ ತೂಗುತ್ತಲೇ ತಲೆ ಹಣ್ಣಾದ ನನ್ನ ಅಪ್ಪ ಬಹಳ ಹೊತ್ತು ನೋಡಿ, ಇಷ್ಟು ಲಗೂ ಹೋಗಿ ಅಲ್ಲಿ ಏನು ಮಾಡುತ್ತಾರೆ ಎಂದು ಅಳಿಯನನ್ನು ಕೇಳಿದ. ಅಲ್ಲಿ ಮಾಡುವುದು ಏನೂ ಇಲ್ಲ ಮಾವ, ಮೊದಲು ಮುಟ್ಟಿದರೆ ಆಯಿತು ಅಂದರು ಇವರು. ಅಪ್ಪ ಹೌದೌದು ಎಂದು ತಲೆಯಾಡಿಸಿ ಮಲಗಲು ಹೋದ.

ಆ ಭಾಗ ನನಗೆ ಅಷ್ಟು ಕೆಟ್ಟದೆನಿಸಲಿಲ್ಲ. ಕಳ್ಳತನವಿತ್ತು, ಹೊಡೆದಾಟವಿತ್ತು, ಆದರೂ ಓಟವೇ ಮುಖ್ಯ. ಸೋತವನನ್ನು ಗೆದ್ದವನು ಕರೆದು ಊಟಕ್ಕೆ ಕೂರಿಸುತ್ತಿದ್ದ. ನಾಯಕ ಗಾಡಿ ಬಿಡುವ ಮೊದಲು ಕೊರಳಿನ ಶಿಲುಬೆಯ ಸರವನ್ನು ಮುಟ್ಟಿಕೊಳ್ಳುತ್ತಿದ್ದ. ಯಾವ ದೇವರಾದರೇನು, ನೆನೆಯುತ್ತಾನಲ್ಲ ಎಂದು ನಾನು ಅಂದುಕೊಂಡೆ. ಯಜಮಾನರು ಅದನ್ನು ಬೇರೆ ರೀತಿ ತೆಗೆದುಕೊಂಡರು. ಅಲ್ಲಿಯ ತನಕ ಅಂಗಿಯ ಒಳಗೆ ಇರುತ್ತಿದ್ದ ಬೆಳ್ಳಿಯ ಕರಡಿಗೆ ರೋಣಕ್ಕೆ ಮರಳಿದ ಮೇಲೆ ಅಂಗಿಯ ಹೊರಗೆ ಬಂತು. ದಾರವನ್ನೂ ಉದ್ದ ಬಿಟ್ಟರು. ಲಿಂಗ ತೋರಿಸುವುದಕ್ಕಲ್ಲ ಎಂದು ಅತ್ತೆ ಬೈದರು. ತೋರಿಸಿದರೆ ಅದೇನು ಸವೆಯುತ್ತದೇನು ಎಂದು ಇವರು ನಕ್ಕರು.

ಆಗ ಗಜೇಂದ್ರಗಡದವನೂ ಇವರೂ ಗೆಳೆಯರು. ಮಧ್ಯಾಹ್ನ ಪಾಳಿ ತಡವಾದರೆ ನಮ್ಮಲ್ಲೇ ಬಂದು ರೊಟ್ಟಿ ತಿನ್ನುತ್ತಿದ್ದ. ರಂಜಾನಿಗೆ ಅವನ ತಾಯಿ ಡಬ್ಬಿಯಲ್ಲಿ ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದಳು, ನಾನು ಆ ಡಬ್ಬಿಯಲ್ಲಿ ಶೇಂಗಾದ ಹೋಳಿಗೆ ತುಂಬಿ ಮರಳಿಸುತ್ತಿದ್ದೆ. ಇಬ್ಬರೂ ಖಾಲಿ ಜೀಪಿನಲ್ಲಿ ಬಯಲಿನ ದಾರಿಯಲ್ಲಿ ಓಟ ಹಚ್ಚಿ, ಸೋತವನು ಚಹಾ ಕುಡಿಸುತ್ತಿದ್ದ. ಅಷ್ಟೇ ಇತ್ತು ಆಟ.

ಎರಡನೆಯ ಭಾಗದಲ್ಲಿ ಪಿಸ್ತೂಲು ಬಂತು, ಪೊಲೀಸರು ಬಂದರು, ಕಾರುಗಳ ಹೊಟ್ಟೆಯ ಕೆಳಗೆ ನೀಲಿ ದೀಪ ಬಂತು. ಸ್ಟ್ಯಾಂಡಿನ ಚಹಾದಂಗಡಿಯ ಟಿ.ವಿ.ಯಲ್ಲಿ ಅದನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರಂತೆ. ನಮ್ಮ ಜೀಪಿಗೂ ನೀಲಿ ದೀಪ ಬಂತು, ಬಾಗಿಲಿನ ಮೇಲೆ ಬೆಂಕಿಯ ಚಿತ್ರ ಬಂತು. ಮೊದಲೆಲ್ಲ ಒಂದು ಜೀಪು ತುಂಬಿ ಹೋದ ಮೇಲೆಯೇ ಹಿಂದಿನದು ಮಂದಿಯನ್ನು ಕರೆಯಬೇಕು ಎಂದು ಸ್ಟ್ಯಾಂಡಿನಲ್ಲಿ ಪಾಳಿ ಇತ್ತು. ಆ ಪಾಳಿ ಮುರಿಯಿತು. ಯಾರು ಮೊದಲು ಊರು ಮುಟ್ಟುತ್ತಾರೋ ಅವರಿಗೆ ಮಂದಿ. ದಾರಿಯಲ್ಲಿ ಒಬ್ಬರ ಮುಂದೆ ಒಬ್ಬರು ಅಡ್ಡ ನುಗ್ಗುವುದು, ಕನ್ನಡಿ ಮುರಿಯುವುದು ಶುರುವಾಯಿತು. ಚಹಾ ಕುಡಿಸುವುದು ನಿಂತಿತು.

ಮೂರನೆಯ ಭಾಗದಲ್ಲಿ ಹಳೆಯ ಮುಖಗಳೇ ಇರಲಿಲ್ಲ. ಬೇರೆ ದೇಶ, ಬೇರೆ ಹುಡುಗರು, ಗುಡ್ಡದ ತಿರುವಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸುವ ಆಟ. ಇವರು ಅದನ್ನು ಗಜೇಂದ್ರಗಡದ ಗುಡ್ಡದ ಕೆಳಗಿನ ತಿರುವಿನಲ್ಲಿ ಮಾಡಲು ಹೋದರು, ಒಳಗೆ ಮಂದಿಯನ್ನು ತುಂಬಿಕೊಂಡು. ಅಸೂಟಿಯಿಂದ ಬಂದು ನಮ್ಮ ಜೀಪು ಹತ್ತಿದ್ದ ಒಬ್ಬ ಅಜ್ಜಿ ಸೀಟಿನಿಂದ ಎಗರಿ ಕಬ್ಬಿಣದ ಸರಳಿಗೆ ಬಡಿದು ಕೊರಳೆಲುಬು ಮುರಿದುಕೊಂಡಳು. ನಾನು ಹಾಲು, ಬಾಳೆಹಣ್ಣು ತೆಗೆದುಕೊಂಡು ನೋಡಲು ಹೋದಾಗ, ನಿನ್ನ ಗಂಡಗ ಎತ್ತ ಹೊಂಟೇನಿ ಅನ್ನೂದ ಗೊತ್ತಿಲ್ಲವ್ವಾ ಅಂದಳು. ಅಜ್ಜಿ ಉಳಿದಳಲ್ಲ ಎಂದು ಆ ಸೋಮವಾರ ಮಠದ ದೀಪಕ್ಕೆ ಎಣ್ಣೆ ಸುರಿದು ಬಂದೆ. ಅದೇ ತಿಂಗಳು ಗಜೇಂದ್ರಗಡದವನೂ ಅದೇ ತಿರುವಿನಲ್ಲಿ ಅದನ್ನೇ ಮಾಡಿ ನಮ್ಮ ಜೀಪಿನ ಬಾಗಿಲು ಜಜ್ಜಿದ. ರಂಜಾನಿನ ಡಬ್ಬಿ ಬರುವುದು ನಿಂತಿತು.

ನಾಲ್ಕನೆಯದು ಬಂದಾಗ ನಮ್ಮ ಮನೆಯಲ್ಲೇ ಸಿ.ಡಿ. ಹಚ್ಚುವ ಮಶೀನು ಇತ್ತು. ಅಕ್ಕಿ ಆರಿಸುತ್ತ ನಾನೂ ನೋಡಿದೆ. ಮೊದಲನೆಯ ಭಾಗದ ನಾಯಕ ಮರಳಿ ಬಂದಿದ್ದ, ವಯಸ್ಸಾಗಿತ್ತು, ನಗುತ್ತಿರಲಿಲ್ಲ. ಅವನವಳನ್ನು ಯಾರೋ ಕೊಂದಿದ್ದರು, ಅವನು ಒಬ್ಬೊಬ್ಬರನ್ನೇ ಹುಡುಕಿ ತೀರಿಸುತ್ತ ಹೋದ. ಕಾರು ಈಗ ಓಡುವುದಕ್ಕೆ ಇರಲಿಲ್ಲ, ಎದುರಿನವನ ಮೈಮೇಲೆ ಹಾಯಿಸುವುದಕ್ಕೆ ಇತ್ತು. ಓಟ ಯಾವಾಗ ಬರುತ್ತದೆ ಎಂದು ಕೇಳಿದೆ.

“ಈಗ ಅದು ಓಟದ ಸಿನೆಮಾ ಅಲ್ಲ,” ಅಂದರು ಇವರು. ಕಣ್ಣು ಪರದೆಯ ಮೇಲೆಯೇ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ಜಾಕಿನ ಸರಳು ಜೀಪಿನ ಹಿಂದಿನ ಪೆಟ್ಟಿಗೆಯಿಂದ ಇವರ ಸೀಟಿನ ಕೆಳಗೆ ಬಂದಿದ್ದನ್ನು ಜೀಪು ತೊಳೆಯುವಾಗ ಕಂಡೆ. ಕೈಗೆ ಲಗೂ ಸಿಗಲಿ ಎಂದರು. ಟಯರು ದಿನಾ ಪಂಕ್ಚರ್ ಆಗುತ್ತದೇನು ಎಂದು ನಾನು ಕೇಳಿದೆ.

ಹುಣಸೆಯ ಕೈ ತೊಳೆದುಕೊಳ್ಳುವಷ್ಟರಲ್ಲಿ ಯಜಮಾನರನ್ನು ಇನ್ನೊಂದು ಜೀಪಿನಲ್ಲಿ ಕರೆತಂದರು. ನಮ್ಮ ಜೀಪು ಹೊಲದ ಬದುವಿಗೆ ಗುದ್ದಿ ನಿಂತಿತ್ತಂತೆ. ಒಳಗಿದ್ದವರಿಗೆ ಮೈಕೈ ತರಚಿತ್ತು, ಯಾರೂ ಸತ್ತಿರಲಿಲ್ಲ. ಇವರ ಹಣೆ ಹುಬ್ಬಿನಿಂದ ಕೂದಲಿನ ತನಕ ಸೀಳಿತ್ತು, ಅದರ ಮೇಲೆ ಯಾರೋ ಟವೆಲು ಬಿಗಿದಿದ್ದರು. ಕುತ್ತಿಗೆಯ ಎಡಕ್ಕೆ ನೇಣು ಬಿಗಿದವರಿಗೆ ಇರುವಂಥ ಕೆಂಪು ಗೆರೆ, ಅದರಲ್ಲಿ ಚರ್ಮ ಎದ್ದು ರಕ್ತ ಒಸರುತ್ತಿತ್ತು. ಲಿಂಗ ಕಟ್ಟಿದ ಶಿವದಾರ ಹಳೆಯದಾಗಿತ್ತು. ಬದಲಿಸಿಕೊ ಎಂದು ಅತ್ತೆ ಹೇಳಿದಾಗಲೆಲ್ಲ ಇವರು ನಾಳೆ ಎನ್ನುತ್ತಿದ್ದರು. ಹೊಸದಾಗಿದ್ದರೆ ದಾರ ಹರಿಯುತ್ತಿರಲಿಲ್ಲ, ಕುತ್ತಿಗೆ ಹರಿಯುತ್ತಿತ್ತು. ಆ ಹೊತ್ತಿನಲ್ಲೂ ನಾನು ಅದನ್ನು ಶಿವನ ಲೆಕ್ಕಕ್ಕೆ ಬರೆದೆ.

ದವಾಖಾನೆಗೆ ನಡೆಯಿರಿ ಅಂದರೆ ಬರಲಿಲ್ಲ. ನೀರು ಕೊಟ್ಟರೆ ಮುಖ ತಿರುಗಿಸಿದರು. ಪೂಜೆ ಅಂದರೆ ಅವಸರದಲ್ಲಿ ಭಸ್ಮ ಹಚ್ಚಿ ಓಡುವ ಮನುಷ್ಯ ಆವತ್ತು ಕಟ್ಟೆಯ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟರು. ಕಾಂಪೌಂಡರ್ ಒಬ್ಬ ಮನೆಗೇ ಬಂದು ಹಣೆ ಹೊಲಿದ. ಅತ್ತೆ ಬಾಗಿಲಿಗೆ ಒರಗಿ, ಮಗ ಕುಡಿಯುವ ತನಕ ತಾವೂ ನೀರು ಮುಟ್ಟುವುದಿಲ್ಲ ಎಂದು ಕುಳಿತರು.

ಮಂದಿ ಕೂಡುತ್ತ ಹೋಯಿತು. ಸ್ಟ್ಯಾಂಡಿನ ಡ್ರೈವರುಗಳು, ಓಣಿಯವರು, ಶಿರೋಳದಿಂದ ಇವರ ಕಾಕಾನ ಮಕ್ಕಳು. ಮೊದಲು ಡ್ರೈವರ್ ಡ್ರೈವರ್ ಜಗಳ ಎನ್ನುತ್ತಿದ್ದವರು ಒಂದು ತಾಸಿನಲ್ಲಿ ಧರ್ಮದ ಮಾತು ಆಡತೊಡಗಿದರು. ಲಿಂಗಕ್ಕೆ ಕೈ ಹಾಕಿದ ಅಂದ ಒಬ್ಬ. ನೆಲಕ್ಕೆ ಹಾಕಿ ತುಳಿದಿರಬೇಕು ಅಂದ ಇನ್ನೊಬ್ಬ, ನೋಡಿದವನ ಹಾಗೆ. ಗೋಡೆಗೆ ಸರಳುಗಳು ಒರಗಿದವು. ಒಬ್ಬ ಸೈಕಲ್ ಚೈನನ್ನು ಕೈಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದ. ಹೊತ್ತು ಮುಳುಗುವುದರೊಳಗೆ ಲಿಂಗ ಬರದಿದ್ದರೆ ಗಜೇಂದ್ರಗಡಕ್ಕೆ ಜೀಪು ತುಂಬಿಕೊಂಡು ಹೋಗುವುದು ಎಂದು ನಿರ್ಧಾರವಾಯಿತು. ಮುಂದಿನ ಜೀಪಿನಲ್ಲಿ ಯಜಮಾನರೇ ಕೂರಬೇಕು.

“ನಾಕು ಭಾಗ ಅವರು ತೋರ್ಸ್ಯಾರ. ಐದನೇದ್ದು ನಾವ ತೋರಸೂಣು,” ಅಂದ ಚೈನಿನವನು. ನಾಲ್ಕಾರು ಮಂದಿ ನಕ್ಕರು.

ನಾನು ಅರಿವೆ ಒದ್ದೆ ಮಾಡಿ ಇವರ ಕುತ್ತಿಗೆ ಒರೆಸುವ ನೆವದಲ್ಲಿ ಹತ್ತಿರ ಬಗ್ಗಿದೆ. ಅವನು ಕೈ ಹಾಕಿದ್ದನ್ನು ನೀವು ಕಂಡಿರಾ ಎಂದು ಮೆಲ್ಲಗೆ ಕೇಳಿದೆ. ಇವರು ನನ್ನನ್ನು ನೋಡಲಿಲ್ಲ. ಜಗ್ಗಿದ ಹಾಗಾಯಿತು, ಅಷ್ಟೇ, ಅಂದರು. ಮೈದುನನನ್ನು ಕೇಳಿದರೆ ಅವನು ಜೀಪಿನ ಹಿಂದೆ ಇದ್ದ, ಅವನಿಗೆ ಏನೂ ಕಂಡಿರಲಿಲ್ಲ. ಅಣ್ಣನ ಕೊರಳು ಬರಿದಾಗಿದ್ದನ್ನು ಕಂಡು ಮಿಕ್ಕಿದ್ದನ್ನು ಅವನೇ ಹೇಳಿಕೊಂಡಿದ್ದ.

ಒಳಗೆ ಹೋಗಿ ಅತ್ತೆಗೆ, ನಾನೇ ಹೋಗಿ ಕೇಳಿ ಬರುತ್ತೇನೆ ಅಂದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

“ಹಿತ್ತಲ ಬಾಗಲಾ ಹಿಡದು ಹೋಗು. ಮಡಿ ಅರಿವಿ ತಗೊ, ಬರೀ ಕೈಲೆ ತರಬ್ಯಾಡ,” ಅಂದರು.

ಆವತ್ತು ಜೀಪುಗಳೆಲ್ಲ ನಿಂತಿದ್ದವು. ಸರ್ಕಾರಿ ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಬಯಲಿನ ನಡುವೆ ಒಂದು ಕಡೆ ನಮ್ಮ ಜೀಪು ಮೂಗು ಜಜ್ಜಿಕೊಂಡು ಕಪ್ಪು ಮಣ್ಣಿನಲ್ಲಿ ನಿಂತದ್ದು ಕಿಟಕಿಯಿಂದ ಕಂಡಿತು. ರಸ್ತೆಯ ಮೇಲೆ ಗಾಜು ಚೆಲ್ಲಿತ್ತು. ಬಸ್ಸಿನಲ್ಲಿದ್ದ ಹೆಂಗಸರು ಯಾರು ಸತ್ತರೋ ಏನೋ ಎಂದು ಮಾತಾಡಿಕೊಂಡರು. ನಾನು ಸೆರಗು ಮುಂದಕ್ಕೆಳೆದು ಪಂಚಾಕ್ಷರಿ ಜಪಿಸುತ್ತ ಕುಳಿತೆ.

ಗಜೇಂದ್ರಗಡದಲ್ಲಿ ಅವನ ಮನೆ ಗುಡ್ಡದ ಬುಡದ ಓಣಿಯಲ್ಲಿ. ಅಲ್ಲಿಯೂ ಮಂದಿ ಕೂಡಿತ್ತು, ಅಲ್ಲಿಯೂ ಗೋಡೆಗೆ ಸರಳು ಒರಗಿದ್ದವು. ನಮ್ಮ ಕಟ್ಟೆಯನ್ನು ಬಿಟ್ಟು ಮತ್ತೆ ನಮ್ಮ ಕಟ್ಟೆಗೇ ಬಂದೆನೇನೋ ಅನ್ನಿಸಿತು. ನಾನು ಯಾರೆಂದು ತಿಳಿದ ಕೂಡಲೇ ಒಬ್ಬ ಎದುರಿಗೆ ಬಂದು, ಒಬ್ಬಳನ್ನೇ ಕಳಿಸಿದ್ದಾರೆ ನೋಡು, ಗಂಡಸರು ಬಳೆ ಹಾಕಿಕೊಂಡಿದ್ದಾರೇನು ಎಂದು ಕೇಳಿದ. ಅವನ ಹಿಂದಿನಿಂದ ಒಂದು ಹೆಣ್ಣುದನಿ, ಆಕೆಯನ್ನು ಬಿಡು ಅಂದಿತು.

ಅದು ಆ ಡ್ರೈವರನ ತಾಯಿ. ಕೌದಿ ಹೊಲಿಯುವ ಹೆಂಗಸು. ಅಂಗಳದಲ್ಲಿ ನಿಂತಿದ್ದ ಜೀಪಿನ ಹತ್ತಿರ ಚಾಪೆ ಹಾಸಿಕೊಂಡು ಕುಳಿತಿದ್ದಳು, ಮಡಿಲಲ್ಲಿ ಅರ್ಧ ಹೊಲಿದ ಕೌದಿ, ಸೂಜಿ ನಿಂತಿತ್ತು. ಜೀಪಿನ ಎಡಗಿಟಕಿಯ ಗಾಜು ಒಡೆದಿತ್ತು. ಸೀಟಿನ ಮೇಲೆ, ಸ್ಟೇರಿಂಗಿನ ಮೇಲೆ ರಕ್ತ ಒಣಗಿ ಕಂದಾಗಿತ್ತು. ಎಡಗಡೆಯ ಕನ್ನಡಿಯನ್ನು ಹಿಡಿದ ಕಬ್ಬಿಣದ ದಾಂಡಿಗೆ ಒಂದು ತೊಳೆದ ಬಿಳಿ ಅರಿವೆ ಹೊದಿಸಿತ್ತು.

“ನನ್ನ ಮಗನ್ನ ಹುಬ್ಬಳ್ಳಿಗೆ ಒಯ್ದಾರ. ಎಡಗಣ್ಣಾಗ ಗಾಜು ಹೋಗೇತಿ,” ಅಂದಳು. “ನಿನ್ನ ಗಂಡ ಓಡೂ ಗಾಡ್ಯಾಗಿಂದ ಮೈ ಹೊರಗ ಹಾಕಿ ಸರಳಲೆ ಹೊಡದಾನ. ಅದು ನಿನಗ ಹೇಳ್ಯಾರೇನು?”

ಹೇಳಿರಲಿಲ್ಲ. ನಾನು ಹಾಗೆಯೇ ಅಂದೆ.

“ಅರಿವಿ ತಗದು ನೋಡು.”

ತೆಗೆದೆ. ಕರಡಿಗೆ ಅಲ್ಲಿ ಜೋತಾಡುತ್ತಿತ್ತು. ದಾರ ಕನ್ನಡಿಯ ದಾಂಡಿನ ಬೋಲ್ಟಿಗೆ ಸುತ್ತಿಕೊಂಡು, ಅದರ ಎಳೆಗಳು ಬೋಲ್ಟಿನ ಹಲ್ಲಿನೊಳಗೆ ಹೊಕ್ಕಿದ್ದವು. ಮನುಷ್ಯರ ಕೈ ಹಾಗೆ ಸುತ್ತಲಾರದು. ಇವರು ಬಗ್ಗಿ ಹೊಡೆದಾಗ ಹೊರಗೆ ಜೋತ ಕರಡಿಗೆಯ ದಾರ ಕನ್ನಡಿಗೆ ಸಿಕ್ಕಿದೆ, ಅವನ ಜೀಪು ಮುಂದಕ್ಕೆ ಹೋಗಿದೆ, ದಾರ ಹರಿದಿದೆ. ಕಣ್ಣಲ್ಲಿ ರಕ್ತ ಸುರಿಯುತ್ತಿದ್ದವನು ತನ್ನ ಕನ್ನಡಿಗೆ ಏನು ತೂಗುಬಿದ್ದಿದೆ ಎಂದು ತಿಳಿಯದೆ ಮನೆಯ ತನಕ ಓಡಿಸಿಕೊಂಡು ಬಂದಿದ್ದ.

ಬೆಳಗಿನಿಂದ ಯಾರೂ ಮುಟ್ಟಿಲ್ಲ ಎಂದು ಆಕೆ ಹೇಳಿದಳು. ನಮ್ಮ ನೇಮ ಏನೆಂದು ಅವರಿಗೆ ಪೂರಾ ಗೊತ್ತಿರಲಿಲ್ಲ. ಬಿಡಿಸಿದರೆ ಮುಟ್ಟಿದಿರಿ ಎನ್ನುತ್ತಾರೆ, ಕಳಿಸಿದರೆ ಎಸೆದಿರಿ ಎನ್ನುತ್ತಾರೆ ಎಂದು ಆಕೆ ಜೀಪಿನ ಪಕ್ಕ ಕುಳಿತು ಕೋಳಿ, ಮಕ್ಕಳನ್ನು ದೂರ ಅಟ್ಟುತ್ತಿದ್ದಳು. ಮಗನ ಸಂಗಡ ಹುಬ್ಬಳ್ಳಿಗೆ ಹೋಗಿರಲಿಲ್ಲ.

ಎಳೆಗಳನ್ನು ಒಂದೊಂದೇ ಬಿಡಿಸಿದೆ. ನನ್ನ ಹಿಂದೆ ಗಂಡಸರು ಗುಂಪಾಗಿ ನಿಂತಿದ್ದರು, ಅವರ ಉಸಿರು ಕೇಳುತ್ತಿತ್ತು. ಮಡಿ ಅರಿವೆಯಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡು ನಾನು ಆಕೆಯ ಕಾಲಿಗೆ ಬಗ್ಗಿದೆ. ಆಕೆ ಕಾಲು ಹಿಂದಕ್ಕೆಳೆದುಕೊಂಡಳು.

“ಅದೆಲ್ಲಾ ಬ್ಯಾಡ. ಎಲ್ಲಿ ಇತ್ತು ಅನ್ನೂದನ್ನ ಮನ್ಯಾಗಲ್ಲ, ನಿಮ್ಮ ಮಂದಿ ಮುಂದ ನಿಂತು ಹೇಳು. ಅಷ್ಟು ಮಾಡು.”

ಮಾಡುತ್ತೇನೆ ಎಂದು ಬಂದೆ. ಓಣಿ ದಾಟುವ ತನಕ ಆಕೆ ನನ್ನ ಜೊತೆಗೇ ನಡೆದಳು. ಒಂದು ಕಲ್ಲು ನಮ್ಮ ಹಿಂದೆ ಬಿದ್ದಿತು. ಆಕೆ ತಿರುಗಿಯೂ ನೋಡಲಿಲ್ಲ.

ನಮ್ಮ ಓಣಿ ಮುಟ್ಟಿದಾಗ ಸೂರ್ಯ ಮುಳುಗುವುದರಲ್ಲಿದ್ದ. ಜೀಪುಗಳು ಚಾಲೂ ಆಗಿ ನಿಂತಿದ್ದವು. ಯಜಮಾನರನ್ನು ಇಬ್ಬರು ಹಿಡಿದು ಮುಂದಿನ ಸೀಟಿಗೆ ಹತ್ತಿಸುತ್ತಿದ್ದರು, ತುಟಿ ಒಣಗಿ ಬಿಳಿಚಿತ್ತು. ಮಂದಿಯ ನಡುವೆ ಮಾತಾಡಿ ನನಗೆ ರೂಢಿಯಿಲ್ಲ. ಜೀಪಿನ ಮುಂದೆ ನಿಂತೆ. ಅರಿವೆ ಬಿಚ್ಚಿ ಕರಡಿಗೆ ತೋರಿಸಿದೆ. ಇದನ್ನು ಯಾರೂ ಕಿತ್ತಿಲ್ಲ, ಅವನ ಕನ್ನಡಿಯ ದಾಂಡಿಗೆ ಸಿಕ್ಕಿತ್ತು, ನನ್ನ ಕೈಯಾರೆ ಬಿಡಿಸಿಕೊಂಡು ಬಂದೆ, ದಾರದ ಎಳೆಯಲ್ಲಿ ಗ್ರೀಸು ನೋಡಿರಿ ಅಂದೆ. ಅವನ ಕಣ್ಣಿಗೆ ಗಾಜು ಹೋಗಿದೆ ಎಂಬುದನ್ನೂ ಹೇಳಿದೆ.

“ಕಲಿಸಿ ಕಳಿಸ್ಯಾರ,” ಅಂದ ಚೈನಿನವನು. “ಹೆಂಗಸರ ಮಾತು ಕೇಳಿ ಮನ್ಯಾಗ ಕುಂಡ್ರೂಣೇನು?”

ಬಾಜು ಸರಿಯಿರಿ ಎಂದು ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನಾನು ಬಾನೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅಂಗೈ ಸುಡುತ್ತಿತ್ತು. ಗಾಜಿನ ಆಚೆ ಕುಳಿತ ಇವರನ್ನೇ ನೋಡಿದೆ. ಅಲ್ಲಿದ್ದವರಲ್ಲಿ ನಿಜ ಗೊತ್ತಿದ್ದವರು ಅವರೊಬ್ಬರೇ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಬಾಗಿಲಿನಲ್ಲಿ ಅತ್ತೆ ನಿಂತಿದ್ದರು.

“ಅಕಿ ಹೇಳೂದು ಖರೇ ಐತಿ,” ಅಂದರು ಯಜಮಾನರು. ದನಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಿದರು. “ಅವನ ಎರಡೂ ಕೈ ಸ್ಟೇರಿಂಗ್ ಮ್ಯಾಲ ಇದ್ವು. ನಾ ನೋಡೀನಿ. ಮೊದಲ ಹೊಡದಾಂವ ನಾ.”

ಒಬ್ಬ ಉಗುಳಿದ. ಬೆಳಗಿನಿಂದ ಬಾಯಲ್ಲಿ ಏನು ಇಟ್ಟುಕೊಂಡಿದ್ದಿ ಎಂದು ಶಿರೋಳದ ಕಾಕಾನ ಮಗ ಬೈದು ತನ್ನ ಸರಳು ತೆಗೆದುಕೊಂಡು ಹೋದ. ಚೈನಿನವನಿಗೆ ಹೊಡೆಯದೆ ಹೋಗಲು ಮನಸ್ಸಿರಲಿಲ್ಲ. ಜೀಪಿನ ಬಾಗಿಲಲ್ಲಿ ಕೈಹಾಕಿ ಯಜಮಾನರ ಕೆನ್ನೆಗೇ ಒಂದು ಬಾರಿಸಿದ, ಹಣೆಯ ಹೊಲಿಗೆ ಬಿಚ್ಚಿ ಮತ್ತೆ ರಕ್ತ ಇಳಿಯಿತು. ಇವರು ಕೈ ಎತ್ತಲಿಲ್ಲ. ಒಂದೊಂದೇ ಇಂಜಿನ್ನು ಬಂದಾಯಿತು.

ಅತ್ತೆ ಲಿಂಗವನ್ನು ತೊಳೆದು, ಮಠದ ಅಯ್ಯನವರನ್ನು ಕರೆಸಿ, ಹೊಸ ದಾರ ಹಾಕಿ ಮಗನ ಕೊರಳಿಗೆ ಕಟ್ಟಿದರು. ಕರಡಿಗೆ ಎಲ್ಲಿರಬೇಕೆಂದು ಯಾರೂ ಹೇಳಬೇಕಾಗಲಿಲ್ಲ, ಇವರೇ ಬನಿಯನ್ನಿನ ಒಳಗೆ ಬಿಟ್ಟುಕೊಂಡರು. ನೀರು ಕುಡಿದರು. ತಾಯಿಯೂ ಕುಡಿದರು. ಕಣ್ಣು ಉಳಿಯುತ್ತದಂತೇನು ಎಂದು ಇವರು ಕೇಳಿದರು, ಗೊತ್ತಿಲ್ಲ ಅಂದೆ. ಆ ಕಣ್ಣಿಗೆ ಬೆಳಕು ಮತ್ತು ನೆರಳು ತಿಳಿಯುವಷ್ಟು ಉಳಿಯಿತು ಎಂಬ ಸುದ್ದಿ ಬಂದದ್ದು ಬಹಳ ದಿನಗಳ ಮೇಲೆ. ಅಷ್ಟಾದರೂ ಉಳಿಯಿತಲ್ಲ ಎಂದು ಈಗಲೂ ಪೂಜೆಯಲ್ಲಿ ನೆನೆಯುತ್ತೇನೆ, ಅಷ್ಟೇ ಉಳಿಯಿತು ಎಂಬುದನ್ನೂ ನೆನೆಯುತ್ತೇನೆ. ಅವನ ತಾಯಿ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಆ ಸಿನೆಮಾದ ಇನ್ನೂ ಭಾಗಗಳು ಬಂದವಂತೆ, ನಮ್ಮ ಮನೆಗೆ ಬರಲಿಲ್ಲ.

ಆವತ್ತು ಇವರು ಎರಡು ತುತ್ತು ಅನ್ನ ತಿಂದು ಗೋಡೆಗೆ ತಿರುಗಿ ಮಲಗಿದರು. ಖಾಕಿ ಅಂಗಿ ಕಟ್ಟೆಯ ಮೇಲೆ ಬಿದ್ದಿತ್ತು. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಕೂರುತ್ತದೆ. ಬಚ್ಚಲಿಗೆ ಹೋಗಿ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅದನ್ನು ನೆನೆಯಿಟ್ಟು, ತೋಳು ಮೇಲಕ್ಕೇರಿಸಿ, ಕಾಲರಿನಿಂದ ತಿಕ್ಕಲು ಶುರು ಮಾಡಿದೆ.